ಸಂಘದ ಲೆಕ್ಕಪತ್ರಕ್ಕೆ ಗಣಕಯಂತ್ರ: ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳು

ಹಸು ಕೊಳ್ಳಲು ಹೋದ ರೈತ ಬಾಂಧವರು ಅದರ ಬಣ್ಣ, ಕೊಂಬು ನೋಡಿ ಹಣ ಎಣಿಸುವುದಿಲ್ಲ. ಕೆಚ್ಚಲು ನೋಡುತ್ತಾರೆ, ಹಲ್ಲು ನೋಡುತ್ತಾರೆ, ಎಷ್ಟನೆಯ ಸೂಲು ಎಂದು ಕೇಳುತ್ತಾರೆ. ಸಾಧ್ಯವಾದರೆ ಎರಡು ಹೊತ್ತು ತಾವೇ ನಿಂತು ಹಾಲು ಕರೆಸಿ ಅಳೆಯುತ್ತಾರೆ. ತಮ್ಮಲ್ಲಿರುವ ಮೇವು, ನೀರು ಅದಕ್ಕೆ ಸಾಲುವುದೇ ಎಂದೂ ಯೋಚಿಸುತ್ತಾರೆ. ಆದರೆ ಅದೇ ರೈತರು ಆಡಳಿತ ಮಂಡಳಿಯ ಸದಸ್ಯರಾಗಿ ಸಂಘಕ್ಕೆ ಗಣಕಯಂತ್ರ ಕೊಳ್ಳುವಾಗ ಅಂಗಡಿಯವರು ತೋರಿಸಿದ್ದನ್ನೇ ಒಪ್ಪಿ ಬರುವುದುಂಟು. "ಯಾವ ಕಂಪ್ಯೂಟರ್ ಒಳ್ಳೆಯದು?" ಎಂದು ಕೇಳಿದರೆ ಅಂಗಡಿಯವರು ತಮ್ಮಲ್ಲಿ ಉಳಿದಿರುವುದನ್ನೇ ಒಳ್ಳೆಯದು ಎನ್ನುತ್ತಾರೆ. "ನಮ್ಮ ಸಂಘದ ಇಂಥ ಕೆಲಸಕ್ಕೆ ಏನು ಬೇಕು?" ಎಂದು ಕೇಳುವುದು ಸರಿಯಾದ ಕ್ರಮ.

ಸಂಘದ ಗಣಕಯಂತ್ರದಲ್ಲಿ ಇರುವುದು ಸದಸ್ಯರ ಹಣದ ಲೆಕ್ಕ. ಬೆಳಗ್ಗೆ, ಸಂಜೆ ಕ್ಯಾನ್ ಹಿಡಿದು ಬರುವ ಪ್ರತಿಯೊಬ್ಬರ ಲೀಟರು, ಜಿಡ್ಡಿನಾಂಶ, ದರ, ಪಶು ಆಹಾರದ ಬಾಕಿ, ಬಟವಾಡೆ ಎಲ್ಲವೂ ಅದರಲ್ಲಿ ಅಡಗಿದೆ. ಆದುದರಿಂದ ವೇಗಕ್ಕಿಂತ ಮೊದಲು ಭದ್ರತೆಗೆ, ಅಂದರೆ ವಿದ್ಯುತ್ ಹೋದರೂ ಯಂತ್ರ ಕೆಟ್ಟರೂ ಲೆಕ್ಕ ಉಳಿಯುವಂಥ ವ್ಯವಸ್ಥೆಗೆ, ಹಣ ತೊಡಗಿಸಬೇಕು. ಈ ಲೇಖನದ ಮುಖ್ಯ ಸಲಹೆ ಇದೇ. ಉಳಿದುದು ಇದರ ವಿವರ.

ಮೊದಲು ತಂತ್ರಾಂಶ, ಆಮೇಲೆ ಯಂತ್ರ

ಸಂಘದಲ್ಲಿ ಎರಡು ಬಗೆಯ ಲೆಕ್ಕಗಳಿವೆ. ಮೊದಲನೆಯದು ಹಾಲು ಸಂಗ್ರಹಣೆಯ ಲೆಕ್ಕ. ತೂಕದ ಯಂತ್ರ ಮತ್ತು ಹಾಲು ಪರೀಕ್ಷಾ ಯಂತ್ರದಿಂದ ಅಂಕಿಗಳು ಗಣಕಯಂತ್ರಕ್ಕೆ ನೇರವಾಗಿ ಬಂದು, ದರಪಟ್ಟಿಯಂತೆ ಬೆಲೆ ಕಟ್ಟಿ, ಸದಸ್ಯರಿಗೆ ಚೀಟಿ ಬರುತ್ತದೆ. ಎರಡನೆಯದು ಸಂಘದ ಸಾಮಾನ್ಯ ಲೆಕ್ಕ: ನಗದು ಪುಸ್ತಕ, ಖತಾವಣಿ, ಪಶು ಆಹಾರದ ದಾಸ್ತಾನು, ಸ್ಥಳೀಯ ಮಾರಾಟ, ಸಿಬ್ಬಂದಿ ವೇತನ, ತಾಳೆ ಪಟ್ಟಿ, ಲಾಭ ನಷ್ಟದ ತಖ್ತೆ, ಆಸ್ತಿ ಜವಾಬ್ದಾರಿ ತಖ್ತೆ.

ಮೊದಲನೆಯ ಕೆಲಸಕ್ಕೆ ಹಾಲು ಸಂಗ್ರಹಣೆಗೆಂದೇ ಸಿದ್ಧಪಡಿಸಿದ ತಂತ್ರಾಂಶಗಳಿವೆ. ಎರಡನೆಯದಕ್ಕೆ ಸಾಮಾನ್ಯ ವ್ಯಾಪಾರಿ ಲೆಕ್ಕದ ತಂತ್ರಾಂಶ ಸಾಕಾಗುತ್ತದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ ಇದನ್ನು ರೂಪಿಸಿತು. ಡಾಸ್ ಕಾಲದಲ್ಲಿ ಸಣ್ಣ ಯಂತ್ರಗಳಲ್ಲೇ ನಡೆಯುತ್ತಿದ್ದ ಈ ತಂತ್ರಾಂಶ 2009ರಲ್ಲಿ ಟ್ಯಾಲಿ ಇಆರ್‌ಪಿ 9 ಎಂದೂ, 2020ರಲ್ಲಿ ಟ್ಯಾಲಿಪ್ರೈಮ್ ಎಂದೂ ಬದಲಾಯಿತು. ಟ್ಯಾಲಿಪ್ರೈಮ್‌ಗೆ 64 ಬಿಟ್‌ನ ವಿಂಡೋಸ್ ಬೇಕು. ಹಳೆಯ 32 ಬಿಟ್ ಯಂತ್ರಗಳಲ್ಲಿ ಅದು ನಡೆಯುವುದಿಲ್ಲ.

ತಂತ್ರಾಂಶ ಯಾವುದೆಂದು ತೀರ್ಮಾನವಾಗುವ ಮೊದಲೇ ಯಂತ್ರ ಕೊಂಡರೆ, ಕ್ಯಾನಿನ ಅಳತೆ ನೋಡದೆ ಮುಚ್ಚಳ ತಂದಂತಾಗುತ್ತದೆ. ಆದುದರಿಂದ ಒಕ್ಕೂಟವು ಯಾವ ತಂತ್ರಾಂಶವನ್ನು ನಿಗದಿಪಡಿಸಿದೆ, ಅದಕ್ಕೆ ಯಾವ ವಿಂಡೋಸ್ ಬೇಕು, ಪರೀಕ್ಷಾ ಯಂತ್ರವನ್ನು ಯಾವ ಬಗೆಯ ಕೇಬಲಿನಿಂದ ಜೋಡಿಸಬೇಕು ಎಂಬುದನ್ನು ಮೊದಲು ವಿಸ್ತರಣಾಧಿಕಾರಿಗಳಿಂದ ಬರವಣಿಗೆಯಲ್ಲಿ ಪಡೆಯಿರಿ. ಸಂಘದಲ್ಲಿ ಒಂದೇ ಯಂತ್ರವಿದ್ದರೆ ಒಬ್ಬರೇ ಬಳಸುವ ಪರವಾನಗಿ ಸಾಕು. ಟ್ಯಾಲಿಯಲ್ಲಿ ಅದಕ್ಕೆ ಸಿಲ್ವರ್ ಎನ್ನುತ್ತಾರೆ. ಹಲವು ಯಂತ್ರಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಬೇಕಾದರೆ ಮಾತ್ರ ಗೋಲ್ಡ್ ಪರವಾನಗಿ ಬೇಕಾಗುತ್ತದೆ.

ನಮ್ಮ ಲೆಕ್ಕ ಎಷ್ಟು ದೊಡ್ಡದು?

ಸದಸ್ಯರು ಹೆಚ್ಚಾದಷ್ಟೂ ದೊಡ್ಡ ಯಂತ್ರ ಬೇಕೆಂಬ ಭಾವನೆ ಇದೆ. ಇದನ್ನು ಲೆಕ್ಕ ಹಾಕಿಯೇ ನೋಡೋಣ. 150 ಜನ ಪ್ರತಿದಿನ ಎರಡು ಹೊತ್ತು ಹಾಲು ಹಾಕುವ ಸಂಘವೊಂದಿದೆ ಎಂದಿಟ್ಟುಕೊಳ್ಳಿ. 150ನ್ನು 2ರಿಂದ, ಅದನ್ನು 365ರಿಂದ ಗುಣಿಸಿದರೆ ವರ್ಷಕ್ಕೆ 1,09,500 ನಮೂದುಗಳಾಗುತ್ತವೆ. ಪ್ರತಿ ನಮೂದಿನಲ್ಲಿ ದಿನಾಂಕ, ಹೊತ್ತು, ಸದಸ್ಯರ ಸಂಖ್ಯೆ, ಲೀಟರು, ಜಿಡ್ಡು, ಎಸ್.ಎನ್.ಎಫ್., ದರ, ಮೊತ್ತ ಇಷ್ಟು ಇರುತ್ತದೆ. ಇದಕ್ಕೆ 100 ಅಕ್ಷರಗಳ ಜಾಗ ಹಿಡಿದರೆ ವರ್ಷಕ್ಕೆ ಸುಮಾರು 11 ಎಂಬಿ ಆಯಿತು. ತಂತ್ರಾಂಶವು ತನ್ನ ಅನುಕೂಲಕ್ಕೆ ಇಟ್ಟುಕೊಳ್ಳುವ ಸೂಚಿಗಳಿಗೆಂದು ಇದನ್ನು ಮೂರು ಪಟ್ಟು ಮಾಡಿದರೂ 33 ಎಂಬಿ, ಹತ್ತು ವರ್ಷಕ್ಕೆ 330 ಎಂಬಿ.

ತೊಂಬತ್ತರ ದಶಕದಲ್ಲಿ ಬಳಕೆಯಲ್ಲಿದ್ದ 1.44 ಎಂಬಿ ಫ್ಲಾಪಿಗಳಲ್ಲಿ ಇದನ್ನು ಇಡಲು ಇನ್ನೂರಕ್ಕೂ ಹೆಚ್ಚು ಫ್ಲಾಪಿಗಳು ಬೇಕಾಗುತ್ತಿದ್ದವು. ಈಗ 16 ಜಿಬಿಯ ಒಂದು ಪೆನ್‌ಡ್ರೈವ್‌ನ ಮೂಲೆಯಲ್ಲಿ ಅದು ಕುಳಿತುಕೊಳ್ಳುತ್ತದೆ. "1 ಟಿಬಿ ಡಿಸ್ಕ್ ಕೊಡುತ್ತೇವೆ, 2 ಟಿಬಿ ಕೊಡುತ್ತೇವೆ" ಎಂಬ ಮಾತಿಗೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಪೆಟ್ಟಿಗೆಯ ಒಳಗೆ ನೋಡಬೇಕಾದ ಮೂರು ಭಾಗಗಳು

ಗಣಕಯಂತ್ರವನ್ನು ಸಂಘದ ಕಚೇರಿಗೆ ಹೋಲಿಸಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಪ್ರೊಸೆಸರ್ ಎಂದರೆ ಲೆಕ್ಕ ಕೂಡುವ ಗುಮಾಸ್ತ. ರ‍್ಯಾಮ್ ಎಂದರೆ ಅವನ ಮುಂದಿನ ಮೇಜು. ಡಿಸ್ಕ್ ಎಂದರೆ ಪುಸ್ತಕಗಳನ್ನು ಇಟ್ಟಿರುವ ಬೀರು. ಮೇಜು ಚಿಕ್ಕದಾದರೆ ಗುಮಾಸ್ತ ಎಷ್ಟೇ ಚುರುಕಾಗಿದ್ದರೂ ಪ್ರತಿ ಪುಸ್ತಕಕ್ಕೂ ಎದ್ದು ಬೀರುವಿನ ಬಳಿ ಹೋಗಬೇಕು. ಹಲವು ಯಂತ್ರಗಳು ನಿಧಾನವಾಗುವುದಕ್ಕೆ ಇದೇ ಕಾರಣ. ಸಂಘದ ಕೆಲಸಕ್ಕೆ 8 ಜಿಬಿ ರ‍್ಯಾಮ್ ಇರಲಿ.

ಬೀರುವಿನಲ್ಲಿ ಎರಡು ಬಗೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ತಟ್ಟೆಗಳು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೂದಲೆಳೆಯಷ್ಟೂ ಇಲ್ಲದ ಅಂತರದಲ್ಲಿ ಒಂದು ಕಡ್ಡಿ ಓಡಾಡುತ್ತದೆ. ಮೇಜು ಅಲುಗಿದರೆ, ವಿದ್ಯುತ್ ಪದೇ ಪದೇ ಹೋಗಿ ಬಂದರೆ ಇದಕ್ಕೆ ಪೆಟ್ಟು. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗವೇ ಇಲ್ಲ. ಯಂತ್ರ ಬೇಗ ಚಾಲೂ ಆಗುತ್ತದೆ, ಬಟವಾಡೆ ಪಟ್ಟಿ ಬೇಗ ತೆರೆಯುತ್ತದೆ. 256 ಜಿಬಿಯ ಎಸ್‌ಎಸ್‌ಡಿ ಸಂಘಕ್ಕೆ ಧಾರಾಳ. ಆದರೆ ಒಂದು ಎಚ್ಚರಿಕೆ: ಹಾರ್ಡ್‌ಡಿಸ್ಕ್ ಕೆಡುವ ಮೊದಲು ಶಬ್ದ ಮಾಡುವುದುಂಟು, ಎಸ್‌ಎಸ್‌ಡಿ ಯಾವ ಸೂಚನೆಯನ್ನೂ ಕೊಡದೆ ಒಂದು ಬೆಳಗ್ಗೆ ಸುಮ್ಮನಾಗಬಹುದು. ನಕಲು ಪ್ರತಿಯ ಮಾತು ಮುಂದೆ ಬರುತ್ತದೆ.

ಪ್ರೊಸೆಸರ್ ವಿಷಯದಲ್ಲಿ ಹೆಸರಿಗೆ ಮರುಳಾಗಬಾರದು. ಐ3ಕ್ಕಿಂತ ಐ5, ಐ5ಕ್ಕಿಂತ ಐ7 ದೊಡ್ಡದು ಎಂಬುದು ಒಂದೇ ತಲೆಮಾರಿನೊಳಗೆ ಮಾತ್ರ ನಿಜ. ಈ ಇಂಟೆಲ್ ಹೆಸರುಗಳಲ್ಲಿ ಅಡ್ಡಗೆರೆಯ ನಂತರದ ಅಂಕಿಗಳನ್ನು ಓದಬೇಕು. ಐ7-3770 ಎಂದರೆ 3ನೇ ತಲೆಮಾರಿನದು, 2012ರಲ್ಲಿ ಬಂದದ್ದು. ಐ3-12100 ಎಂದರೆ 12ನೇ ತಲೆಮಾರಿನದು, 2022ರಲ್ಲಿ ಬಂದದ್ದು. ಹೆಸರಿನಲ್ಲಿ ಚಿಕ್ಕದಾದ ಎರಡನೆಯದೇ ಹೆಚ್ಚು ವೇಗದ್ದು, ವಿದ್ಯುತ್ತನ್ನೂ ಕಡಿಮೆ ಬಳಸುತ್ತದೆ. ಲೆಕ್ಕದ ಕೆಲಸಕ್ಕೆ ಇತ್ತೀಚಿನ ತಲೆಮಾರಿನ ಐ3 ಅಥವಾ ಅದಕ್ಕೆ ಸಮನಾದ ಬೇರೆ ಪ್ರೊಸೆಸರ್ ಸಾಕು. ಆಟಗಳಿಗೆ, ಚಿತ್ರಗಳಿಗೆ ಬೇಕಾಗುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಸಂಘಕ್ಕೆ ಬೇಡವೇ ಬೇಡ.

ಅಗ್ಗದ ಹಳೆಯ ಯಂತ್ರ ನಿಜವಾಗಿ ಅಗ್ಗವೇ?

ದೊಡ್ಡ ಕಚೇರಿಗಳು ಬಳಸಿ ಬಿಟ್ಟ ಯಂತ್ರಗಳು ಪಟ್ಟಣದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳಲೇಬಾರದು ಎಂದೇನಿಲ್ಲ, ಆದರೆ ಒಂದು ವಿಷಯ ತಿಳಿದಿರಬೇಕು. ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಬೆಂಬಲ ನಿಂತ ಮೇಲೆ ಯಂತ್ರ ನಡೆಯುತ್ತದೆ, ಆದರೆ ವೈರಸ್‌ಗಳು ನುಗ್ಗುವ ದಾರಿಗಳನ್ನು ಮುಚ್ಚುವ ತಿದ್ದುಪಡಿಗಳು ಬರುವುದಿಲ್ಲ. ಬಟವಾಡೆಯ ಹಣ ಈಗ ಸದಸ್ಯರ ಬ್ಯಾಂಕ್ ಖಾತೆಗೆ ಹೋಗುತ್ತಿರುವಾಗ, ಅಂಥ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸುವುದು ಬೀಗವಿಲ್ಲದ ತಿಜೋರಿ ಇಟ್ಟುಕೊಂಡಂತೆ.

ವಿಂಡೋಸ್ 11 ಹಾಕಲು ಇಂಟೆಲ್‌ನ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಹಾಗೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕೆಂದು ತಯಾರಕರು ನಿಗದಿಪಡಿಸಿದ್ದಾರೆ. ಐ5-7500 ಎಂದು ಬರೆದಿರುವ ಯಂತ್ರ 7ನೇ ತಲೆಮಾರಿನದು, ಅದು ಈ ಪಟ್ಟಿಯಲ್ಲಿಲ್ಲ. ಐ5-8400 ಇದೆ. ಒಂದೇ ಒಂದು ಅಂಕಿಯ ವ್ಯತ್ಯಾಸದಿಂದ ಸಂಘದ ಹಣ ಉಳಿಯಲೂಬಹುದು, ನೀರಿಗೆ ಹೋಗಲೂಬಹುದು. ವಿಂಡೋಸ್ ಪರವಾನಗಿ ಇರುವುದನ್ನೇ ಕೊಳ್ಳಿರಿ. "ನಾವೇ ಹಾಕಿಕೊಡುತ್ತೇವೆ, ಹಣ ಬೇಡ" ಎನ್ನುವ ನಕಲಿ ಪ್ರತಿಯ ಜೊತೆಯಲ್ಲೇ ವೈರಸ್ ಕೂಡ ಬರಬಹುದು.

ಹಾಲು ಪರೀಕ್ಷಾ ಯಂತ್ರಕ್ಕೆ ಜೋಡಣೆ

ಹಲವು ತೂಕದ ಯಂತ್ರಗಳು ಹಾಗೂ ಪರೀಕ್ಷಾ ಯಂತ್ರಗಳು ಇಂದಿಗೂ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟ್ ಮೂಲಕ ಅಂಕಿಗಳನ್ನು ಕಳುಹಿಸುತ್ತವೆ. ಈಗಿನ ಬಹುತೇಕ ಯಂತ್ರಗಳ, ಅದರಲ್ಲೂ ಲ್ಯಾಪ್‌ಟಾಪ್‌ಗಳ, ಹಿಂಭಾಗದಲ್ಲಿ ಈ ಪೋರ್ಟ್ ಇರುವುದಿಲ್ಲ. ಹೊಸ ಯಂತ್ರ ಬಂದ ದಿನ ಬೆಳಗ್ಗೆ ಐದೂವರೆಗೆ, ಸದಸ್ಯರು ಸಾಲಿನಲ್ಲಿ ನಿಂತಿರುವಾಗ, ಈ ವಿಷಯ ಗೊತ್ತಾಗಬಾರದು.

ಸೀರಿಯಲ್ ಪೋರ್ಟ್ ಇರುವ ಯಂತ್ರವನ್ನೇ ಕೇಳಿ ಪಡೆಯಬಹುದು, ಇಲ್ಲವೇ ಡೆಸ್ಕ್‌ಟಾಪ್‌ಗೆ ಪೋರ್ಟ್‌ನ ಕಾರ್ಡ್ ಹಾಕಿಸಬಹುದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಮೂರನೆಯ ದಾರಿ. ಕೇಬಲ್ ಬಳಸಿದರೆ ಅದನ್ನು ಯಾವಾಗಲೂ ಒಂದೇ ತೂತಿನಲ್ಲಿ ಸಿಕ್ಕಿಸಿರಿ. ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಅದಕ್ಕೆ ಬೇರೆ ಕಾಮ್ ಸಂಖ್ಯೆ ಕೊಡಬಹುದು, ಆಗ ತಂತ್ರಾಂಶಕ್ಕೆ ಪರೀಕ್ಷಾ ಯಂತ್ರ ಕಾಣಿಸುವುದಿಲ್ಲ. ಅಂಥ ಕೇಬಲ್ ಎರಡು ತಂದು ಒಂದನ್ನು ಬೀರುವಿನಲ್ಲಿ ಇಡುವುದು ಲೇಸು. ಹಣ ಕೊಡುವ ಮೊದಲು ಒಂದು ಹೊತ್ತಿನ ಹಾಲನ್ನು ಹೊಸ ಯಂತ್ರದಲ್ಲಿ ತೆಗೆದುಕೊಂಡು, ಚೀಟಿಯ ಅಂಕಿಗಳು ಪರೀಕ್ಷಾ ಯಂತ್ರದ ಪರದೆಯ ಅಂಕಿಗಳಿಗೆ ತಾಳೆಯಾಗುವುದನ್ನು ನೋಡಿರಿ.

ವಿದ್ಯುತ್ ಮತ್ತು ಅರ್ಥಿಂಗ್

ಯುಪಿಎಸ್ ಕೊಳ್ಳುವಾಗ ಅಂಗಡಿಯವರು "600 ವಿಎ" ಎನ್ನುತ್ತಾರೆ. ಇಂಥ ಸಣ್ಣ ಯುಪಿಎಸ್‌ನ ನಿಜವಾದ ಶಕ್ತಿ ಸಾಮಾನ್ಯವಾಗಿ ಅದರ 60 ಭಾಗ, ಅಂದರೆ ಸುಮಾರು 360 ವ್ಯಾಟ್. ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 120 ವ್ಯಾಟ್ ಎಂದುಕೊಂಡರೆ ಭಾರ ಹೊರಲು ಇದು ಸಾಕು. ಆದರೆ ಎಷ್ಟು ಹೊತ್ತು? ಒಳಗಿರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಾದರೆ ಅದರಲ್ಲಿ 84 ವ್ಯಾಟ್-ಗಂಟೆ ಇದೆ. ಕಾಗದದ ಮೇಲೆ 42 ನಿಮಿಷ. ಬೇಗ ಬೇಗ ಶಕ್ತಿ ಎಳೆದಾಗ ಬ್ಯಾಟರಿ ಪೂರ್ತಿ ಕೊಡುವುದಿಲ್ಲವಾದ್ದರಿಂದ ಅನುಭವದಲ್ಲಿ ಸಿಗುವುದು ಇದರ ಅರ್ಧ ಅಥವಾ ಅದಕ್ಕಿಂತ ಕಡಿಮೆ. ಹಾಲು ಸಂಗ್ರಹಣೆ ಒಂದು ಗಂಟೆಗೂ ಮೀರಿ ನಡೆಯುವ ಸಂಘಕ್ಕೆ ಇದು ಸಾಲದು. ದೊಡ್ಡ ಬ್ಯಾಟರಿಯ ಇನ್ವರ್ಟರ್ ಅಥವಾ ತನ್ನದೇ ಬ್ಯಾಟರಿ ಇರುವ ಲ್ಯಾಪ್‌ಟಾಪ್ ಬಗ್ಗೆ ಯೋಚಿಸಬೇಕಾಗುತ್ತದೆ. ಲ್ಯಾಪ್‌ಟಾಪ್ ವಿದ್ಯುತ್ತಿಗೆ ಅನುಕೂಲ, ರಿಪೇರಿಗೆ ಕಷ್ಟ, ಕಳ್ಳತನಕ್ಕೆ ಸುಲಭ. ವಿದ್ಯುತ್ ತೀರಾ ಅಸ್ಥಿರವಾಗಿರುವ ಊರಿಗೆ ಮಾತ್ರ ಅದನ್ನು ಆರಿಸಿರಿ.

ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ತಿಂಗಳಿಗೊಮ್ಮೆ ಸಂಗ್ರಹಣೆ ಮುಗಿದ ಮೇಲೆ ಮೈನ್ ಆರಿಸಿ, ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಬರೆದಿಡುವ ಅಭ್ಯಾಸ ಒಳ್ಳೆಯದು. ಲೇಸರ್ ಪ್ರಿಂಟರ್ ಕಾಯುವಾಗ ಬಹಳ ವಿದ್ಯುತ್ ಎಳೆಯುವುದರಿಂದ ಅದನ್ನು ಸಣ್ಣ ಯುಪಿಎಸ್‌ಗೆ ಜೋಡಿಸಬಾರದು.

ಸದಾ ನೀರು ಚೆಲ್ಲುವ, ಕ್ಯಾನ್ ತೊಳೆಯುವ ಜಾಗದಲ್ಲಿ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಯಂತ್ರಕ್ಕೂ ಅಪಾಯ, ಸಿಬ್ಬಂದಿಗೂ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿರಿ. ಅದು 2–3 ವೋಲ್ಟ್‌ಗಿಂತ ಕಡಿಮೆ ಇರಬೇಕು. ಯಂತ್ರವನ್ನು ನೆಲದ ಮೇಲೆ ಇಡಬೇಡಿ, ಪಶು ಆಹಾರದ ಮೂಟೆಗಳ ಪಕ್ಕದಲ್ಲಿ ಇಡಲೇಬೇಡಿ. ಹಿಂಡಿಯ ಧೂಳು ಫ್ಯಾನಿಗೆ ಸೇರುತ್ತದೆ, ಹಿಂಡಿಗೆ ಬಂದ ಇಲಿ ಕೇಬಲನ್ನೂ ಕಡಿಯುತ್ತದೆ.

ಪ್ರಿಂಟರ್ ಯಾವುದು?

ಶಬ್ದ ಮಾಡುತ್ತದೆ ಎಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಕಡೆಗಣಿಸುವುದು ಸರಿಯಲ್ಲ. ಅದು ರಿಬ್ಬನ್ ಮೇಲೆ ಸೂಜಿಯಿಂದ ಹೊಡೆಯುವುದರಿಂದ ಕಾರ್ಬನ್ ಇಟ್ಟು ಒಂದೇ ಬಾರಿಗೆ ಎರಡು ಮೂರು ಪ್ರತಿ ತೆಗೆಯಬಹುದು. ಖರ್ಚು ಕಡಿಮೆ, ಅಕ್ಷರ ವರ್ಷಗಟ್ಟಲೆ ಉಳಿಯುತ್ತದೆ. ಬಟವಾಡೆ ಪಟ್ಟಿಯಲ್ಲಿ ಸದಸ್ಯರ ಸಂಖ್ಯೆಯಿಂದ ಹಿಡಿದು ಪಶು ಆಹಾರದ ಕಡಿತ, ಸಾಲದ ಕಂತು, ನಿವ್ವಳ ಮೊತ್ತ, ಸಹಿಯವರೆಗೆ ಅನೇಕ ಅಂಕಣಗಳಿವೆ. ಇದಕ್ಕೆ ಅಗಲವಾದ ಪ್ರಿಂಟರೇ ಬೇಕೆಂದಿಲ್ಲ. 80 ಅಂಕಣದ ಸಣ್ಣ ಪ್ರಿಂಟರನ್ನು ಕಿರಿದಾದ ಅಕ್ಷರಕ್ಕೆ ಹೊಂದಿಸಿದರೆ ಒಂದು ಸಾಲಿನಲ್ಲಿ ಸುಮಾರು 137 ಅಕ್ಷರ ಹಿಡಿಯುತ್ತದೆ.

ಹಾಲಿನ ಚೀಟಿಗೆ ಬಳಸುವ ಥರ್ಮಲ್ ಪ್ರಿಂಟರಿಗೆ ರಿಬ್ಬನ್ ಬೇಡ, ಶಬ್ದವಿಲ್ಲ. ಆದರೆ ಅದರ ಕಾಗದ ಬಿಸಿಲಿಗೆ, ಶಾಖಕ್ಕೆ ಮಾಸುತ್ತದೆ. ದಿನದ ಚೀಟಿಗೆ ಅದು ಸರಿ, ಲೆಕ್ಕ ಪರಿಶೋಧಕರಿಗೆ ತೋರಿಸಬೇಕಾದ ದಾಖಲೆಗೆ ಸಲ್ಲದು. ಇಂಕ್‌ಜೆಟ್ ಮುದ್ರಣದ ಮೇಲೆ ಒದ್ದೆ ಕೈ ತಗುಲಿದರೆ ಅಕ್ಷರ ಹರಡಬಹುದು, ಕೆಲವು ವಾರ ಬಳಸದಿದ್ದರೆ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ.

ನಕಲು ಪ್ರತಿ: ಎಲ್ಲಕ್ಕಿಂತ ಮುಖ್ಯ

ಏಪ್ರಿಲ್‌ನಿಂದ ಎಲ್ಲ ಲೆಕ್ಕವೂ ಗಣಕಯಂತ್ರದಲ್ಲೇ ಇದೆ, ಆಗಸ್ಟ್‌ನಲ್ಲಿ ಡಿಸ್ಕ್ ಕೆಟ್ಟಿತು ಎಂದಿಟ್ಟುಕೊಳ್ಳಿ. ಹೊಸ ಡಿಸ್ಕ್ ಮರುದಿನವೇ ಸಿಗುತ್ತದೆ. ಐದು ತಿಂಗಳ ಲೆಕ್ಕ ಎಲ್ಲಿ ಸಿಗುತ್ತದೆ? ಯಾರಿಗೆ ಎಷ್ಟು ಬಟವಾಡೆ ಬಾಕಿ, ಯಾರಿಂದ ಪಶು ಆಹಾರದ ಹಣ ಬರಬೇಕು, ಸರ್ಕಾರದ ಪ್ರೋತ್ಸಾಹಧನಕ್ಕೆ ಯಾರ ಹೆಸರಿನಲ್ಲಿ ಎಷ್ಟು ಲೀಟರು ಎಂಬ ಪ್ರಶ್ನೆಗಳಿಗೆ ಸಂಘದ ಬಳಿ ಉತ್ತರವಿರುವುದಿಲ್ಲ. ವರ್ಷಗಳಿಂದ ಕಟ್ಟಿದ ನಂಬಿಕೆ ಒಂದೇ ಬಟವಾಡೆಯಲ್ಲಿ ಹಾಳಾಗಬಹುದು. ಯಂತ್ರಕ್ಕೆ ಗ್ಯಾರಂಟಿ ಇರುತ್ತದೆ, ಅದರೊಳಗಿನ ಲೆಕ್ಕಕ್ಕೆ ಯಾವ ಕಂಪನಿಯೂ ಗ್ಯಾರಂಟಿ ಕೊಡುವುದಿಲ್ಲ.

ಇದಕ್ಕೆ ಬೇಕಾದುದು ಮೂರು ಪೆನ್‌ಡ್ರೈವ್ ಮತ್ತು ದಿನಕ್ಕೆ ಐದು ನಿಮಿಷ. ಒಂದರಲ್ಲಿ ಪ್ರತಿ ಸಂಜೆಯ ಲೆಕ್ಕ ಮುಗಿದ ಮೇಲೆ ನಕಲು ತೆಗೆಯಿರಿ. ಎರಡನೆಯದರಲ್ಲಿ ವಾರಕ್ಕೊಮ್ಮೆ ತೆಗೆದು ಕಚೇರಿಯ ಬೀರುವಿನಲ್ಲಿ ಇಡಿ. ಮೂರನೆಯದರಲ್ಲಿ ಪ್ರತಿ ಬಟವಾಡೆಯ ನಂತರ ತೆಗೆದು ಅಧ್ಯಕ್ಷರ ಮನೆಯಲ್ಲಿ ಇಡಿ. ಕಚೇರಿಗೆ ಬೆಂಕಿ ಬಿದ್ದರೂ, ಕಳ್ಳತನವಾದರೂ ಆ ಒಂದು ಪ್ರತಿ ಉಳಿಯುತ್ತದೆ.

ನಕಲು ತೆಗೆದ ಕೂಡಲೇ ಪೆನ್‌ಡ್ರೈವ್ ಕಳಚಿಡಬೇಕು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳಿವೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಇಂಥದ್ದೇ ವೈರಸ್ ಜಗತ್ತಿನಾದ್ಯಂತ ಹರಡಿತು. ಯಂತ್ರಕ್ಕೆ ಸಿಕ್ಕಿಸಿಟ್ಟ ಪ್ರತಿಗೂ ಇಂಥ ವೈರಸ್ ಬೀಗ ಹಾಕುತ್ತದೆ. ಅದೇ ಪೆನ್‌ಡ್ರೈವ್‌ನಲ್ಲಿ ಹಾಡು, ಸಿನಿಮಾ ತರಿಸುವುದೂ ಬೇಡ. ತಂತ್ರಾಂಶದ ಕಂಪನಿಯ ಕೇಂದ್ರದಲ್ಲಿ ಪ್ರತಿ ಉಳಿಯುವ ವ್ಯವಸ್ಥೆ ಇದ್ದರೆ ಒಳ್ಳೆಯದೇ, ಆದರೂ ನಮ್ಮ ಕೈಯಲ್ಲಿ ಒಂದು ಪ್ರತಿ ಇರಲಿ.

ಮೂರು ತಿಂಗಳಿಗೊಮ್ಮೆ ನಕಲು ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಒಬ್ಬ ಸದಸ್ಯರ ಖಾತೆಯನ್ನು ಪಾಸ್‌ಪುಸ್ತಕದೊಂದಿಗೆ ತಾಳೆ ನೋಡಬೇಕು. ತೆರೆಯದ ಪ್ರತಿಯನ್ನು ನಂಬುವುದು ಮುಚ್ಚಿದ ಕ್ಯಾನಿನಲ್ಲಿ ಹಾಲಿದೆ ಎಂದು ಎತ್ತಿ ನೋಡದೆ ಸಹಿ ಹಾಕಿದಂತೆ. ಬಟವಾಡೆ ಪಟ್ಟಿ, ತಿಂಗಳ ತಾಳೆ ಪಟ್ಟಿಗಳನ್ನು ಮುದ್ರಿಸಿ, ಸಹಿ ಮಾಡಿಸಿ ಕಡತಕ್ಕೆ ಸೇರಿಸುವುದನ್ನು ಗಣಕಯಂತ್ರ ಬಂದಿತೆಂದು ಬಿಡಬಾರದು.

ದರಪಟ್ಟಿ ಮತ್ತು ಠರಾವು

ಮೂರು ಅಂಗಡಿಗಳಿಂದ ದರಪಟ್ಟಿ ಕೇಳುವಾಗ ಮೂವರಿಗೂ ಒಂದೇ ವಿವರ ಕೊಡಬೇಕು. ಒಬ್ಬರು 4 ಜಿಬಿಗೆ, ಇನ್ನೊಬ್ಬರು 8 ಜಿಬಿಗೆ ದರ ಬರೆದರೆ ಹೋಲಿಸಲು ಬರುವುದಿಲ್ಲ. ಆಡಳಿತ ಮಂಡಳಿ ಸಭೆಯ ಠರಾವಿನಲ್ಲಿ ಈ ಅಂಶಗಳು ಸೇರಲಿ:

1. ತಂತ್ರಾಂಶದ ಹೆಸರು, ಅದಕ್ಕೆ ಬೇಕಾದ ವಿಂಡೋಸ್.
2. ಪ್ರೊಸೆಸರ್‌ನ ಪೂರ್ತಿ ಸಂಖ್ಯೆ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಪರವಾನಗಿ ಇರುವ ವಿಂಡೋಸ್ 11.
3. ಸೀರಿಯಲ್ ಪೋರ್ಟ್ ಅಥವಾ ಪರೀಕ್ಷಿಸಿದ ಕೇಬಲ್ ಎರಡು.
4. ಯುಪಿಎಸ್ ಅಥವಾ ಇನ್ವರ್ಟರ್, ಅರ್ಥಿಂಗ್‌ನ ಖರ್ಚು.
5. ಪ್ರಿಂಟರ್, ಮೂರು ಪೆನ್‌ಡ್ರೈವ್.
6. ಗ್ಯಾರಂಟಿಯ ಅವಧಿ, ಸಂಘಕ್ಕೇ ಬಂದು ರಿಪೇರಿ ಮಾಡುವ ಷರತ್ತು.

ನೂರಿನ್ನೂರು ಕಡಿಮೆಯ ಅಂಗಡಿಗಿಂತ ಕರೆದಾಗ ಬರುವ ಅಂಗಡಿ ಮೇಲು. ಬಿಲ್ಲಿನಲ್ಲಿ ಪ್ರತಿ ಭಾಗದ ಕ್ರಮಸಂಖ್ಯೆ ಬರೆಸಿ, ಡೆಡ್ ಸ್ಟಾಕ್ ಪುಸ್ತಕದಲ್ಲಿ ಅದೇ ಸಂಖ್ಯೆ ನಮೂದಿಸಿರಿ.

ಹಣ ಕಡಿಮೆ ಬಿದ್ದರೆ ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಡಿಸ್ಕಿನ ಗಾತ್ರ ಕಡಿಮೆ ಮಾಡಿರಿ, ಮಾನಿಟರ್ ಚಿಕ್ಕದಾಗಲಿ. ಯುಪಿಎಸ್, ಅರ್ಥಿಂಗ್, ನಕಲು ಪ್ರತಿ ಈ ಮೂರರಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಕಾರ್ಯದರ್ಶಿಯವರ ಜೊತೆಗೆ ಹಾಲು ಪರೀಕ್ಷಕರಿಗೂ ಯಂತ್ರ ನಡೆಸುವ ತರಬೇತಿ ಕೊಡಿಸಿರಿ. ಒಬ್ಬರು ರಜೆಯಲ್ಲಿದ್ದರೆ ಲೆಕ್ಕ ನಿಲ್ಲಬಾರದು.

ಸದಸ್ಯ ಬಾಂಧವರೂ ಇದರಲ್ಲಿ ಪಾಲುದಾರರು. ಮುಂದಿನ ಮಹಾಸಭೆಯಲ್ಲಿ "ಸಂಘದ ಕಂಪ್ಯೂಟರ್ ಯಾವುದು?" ಎಂದು ಕೇಳುವುದಕ್ಕಿಂತ "ನಮ್ಮ ಲೆಕ್ಕದ ನಕಲು ಪ್ರತಿ ಎಲ್ಲಿದೆ, ಕಳೆದ ಬಾರಿ ತೆರೆದು ನೋಡಿದ್ದು ಯಾವಾಗ?" ಎಂದು ಕೇಳಿರಿ. ಆ ಪ್ರಶ್ನೆಗೆ ತಡವಿಲ್ಲದೆ ಉತ್ತರ ಕೊಡುವ ಸಂಘ ಸರಿಯಾದ ಯಂತ್ರವನ್ನೇ ಕೊಂಡಿದೆ ಎಂದು ತಿಳಿಯಬಹುದು.